ಜಯಕ್ಕನ ಕೈಗೊಂದು ಪೆನ್ನು

ಹಿರಿಯೂರಿನ ಆ ಮನೆಯಲ್ಲಿ ಜಗಳಕ್ಕೆ ಜಾಗವೂ ಹೊತ್ತೂ ಗೊತ್ತಾಗಿದ್ದವು. ಜಾಗ ಅಡುಗೆಮನೆ, ಹೊತ್ತು ಬೆಳಗಿನ ರೊಟ್ಟಿಯದು. ಒಲೆಯ ಮುಂದೆ ಉಷಾರಾಣಿ, ಗೋಡೆಗೆ ಒರಗಿ ಕೂತು ಸೊಪ್ಪು ಸೋಸುವ ಅವಳ ಅತ್ತೆ ಜಯಕ್ಕ, ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವ ಗಂಡ ಓಬಳೇಶ. ಪಿಯುಸಿ ಓದುತ್ತಿದ್ದ ಮಗಳು ಮಮತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಈ ಮೂವರೂ ಪಕ್ಕದ ಮನೆಯವರು ಎಂಬಂತೆ ತಟ್ಟೆ ಹಿಡಿದು ಆಚೆ ಹೋಗುತ್ತಿದ್ದಳು.

ಆಷಾಢದ ಕೊನೆಯಲ್ಲಿ ಜಗಳಕ್ಕೆ ಸಿಕ್ಕಿದ್ದು ಒಂದು ಪೆನ್ನು.

"ನಿನ್ನೆ ಪಾರ್ಸಲ್ ಬಂತಂತಲ್ಲ. ಮತ್ತೊಂದಾ?" ಅಂದ ಓಬಳೇಶ.

"ಹೂಂ. ಆರ್ಡರ್ ಕೊಟ್ಟು ಎಂಟು ತಿಂಗಳಾಗಿತ್ತು. ಕೈಯಾರೆ ಕಡೆದು ಮಾಡೋದು, ಅದಕ್ಕೇ ತಡ."

"ಎಂಟು ತಿಂಗಳು ಎಮ್ಮೆ ಸಾಕಿದ್ರೆ ಮನೇಲಿ ಹಾಲಾದ್ರೂ ಇರ್ತಿತ್ತು."

"ನನ್ನ ಸಂಬಳದಾಗೆ ತರಿಸಿದ್ದು ಕಣ್ರಿ."

"ಸಂಬಳ ನಿಂದು, ಸೋರೋ ನಲ್ಲಿ ಮಾತ್ರ ನಂದು. ಅಲ್ವಾ?"

ಜಯಕ್ಕ ಸೊಪ್ಪಿನಿಂದ ತಲೆ ಎತ್ತದೆ ತನ್ನ ಪಾಲಿನದನ್ನು ಸೇರಿಸಿದಳು. "ಬರೆಯಾಕೆ ಒಬ್ಬಾಕಿ. ಪೆನ್ನು ಮಾತ್ರ ಡಬ್ಬಿ ತುಂಬ. ಒಂದು ಕೈಗೆ ಎಷ್ಟು ಪೆನ್ನು ಬೇಕಪ್ಪ?"

ಉಷಾರಾಣಿ ಐಮಂಗಲದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅವಳಿಗೆ ಸೀರೆಯ ಹುಚ್ಚಿದ್ದಿದ್ದರೆ ಆ ಮನೆಯವರಿಗೆ ಅರ್ಥವಾಗುತ್ತಿತ್ತು, ಬಂಗಾರದ ಹುಚ್ಚಿದ್ದಿದ್ದರೆ ಮೆಚ್ಚಿಗೆಯೂ ಆಗುತ್ತಿತ್ತು. ಅವಳಿಗಿದ್ದದ್ದು ಇಂಕ್ ಪೆನ್ನಿನ ಹುಚ್ಚು. ಬೀರುವಿನ ಮೇಲಿನ ಅರೆಯಲ್ಲಿ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಮೆತ್ತನೆ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಪೆನ್ನುಗಳು. ಭಾನುವಾರ ಬಂದರೆ ಅವಳು ನಾಲ್ಕು ಪೆನ್ನು ತೆಗೆದು, ಒಂದೇ ಹಾಳೆಯ ಮೇಲೆ ಒಂದೇ ಸಾಲನ್ನು ನಾಲ್ಕರಲ್ಲೂ ಬರೆದು ನೋಡುವಳು. ಯಾವ ನಿಬ್ಬು ಗೀರುತ್ತದೆ, ಯಾವುದು ಜಾರುತ್ತದೆ, ಯಾವುದರಲ್ಲಿ ಇಂಕು ಸಮನಾಗಿ ಇಳಿಯುತ್ತದೆ, ಯಾವುದು ಅಗ್ಗದ ಹಾಳೆಯ ಮೇಲೆ ಹರಡಿಕೊಳ್ಳುತ್ತದೆ ಎಂದು ತಾಳೆ ನೋಡುವುದೇ ಅವಳ ಸುಖ. ಒಲೆಗೆ ಹಾಲಿಡುವ ಹೊತ್ತು ಮೀರಿದರೂ ಅವಳಿಗೆ ಎಚ್ಚರವಿರುತ್ತಿರಲಿಲ್ಲ. ಹೊಸದಾಗಿ ಬಂದದ್ದು ಎಬೊನೈಟಿನ ಕಪ್ಪು ಪೆನ್ನು. ಎಬೊನೈಟ್ ಎಂದರೆ ಗಟ್ಟಿ ಮಾಡಿದ ರಬ್ಬರು. ಹಿಡಿದಷ್ಟೂ ಕೈಗೆ ಬೆಚ್ಚಗೆ ಹತ್ತುತ್ತದೆ, ಬೆವರಿಗೆ ಜಾರುವುದಿಲ್ಲ. ಇದನ್ನೆಲ್ಲ ಗಂಡನಿಗೆ ಒಮ್ಮೆ ಹೇಳಲು ಹೋಗಿದ್ದಳು. "ಟೈರಿಗೂ ರಬ್ಬರೇ ಹಾಕೋದು, ನಮ್ಮಂಗಡೀಲಿ ಬೇಕಾದಷ್ಟೈತೆ," ಎಂದು ಅವನು ನಕ್ಕಿದ್ದ. ಹೆದ್ದಾರಿ ಪಕ್ಕದಲ್ಲಿ ಅವನದು ಟೈರಿನ ಅಂಗಡಿ.

ಜಯಕ್ಕನಿಗೆ ಆ ಡಬ್ಬಿಯನ್ನು ಕಂಡರೆ ಆಗುತ್ತಿರಲಿಲ್ಲ. ಅಕ್ಷರ ಬಾರದವಳ ಮುಂದೆ ದಿನಾ ಪೆನ್ನು ಒರೆಸುತ್ತ ಕೂತರೆ ಯಾರಿಗಾದರೂ ಆಗುತ್ತದೆಯೇ?

ಜಯಕ್ಕನ ಗಂಡ ಮೂರ್ತಪ್ಪ ಮಾರಿಕಣಿವೆ ಡ್ಯಾಮಿನಲ್ಲಿ ಕೆಲಸಕ್ಕಿದ್ದವನು. ಅವನು ತೀರಿದ ಮೇಲೆ ಅವಳ ಹೆಸರಿಗೆ ಪಿಂಚಣಿ ಬರುತ್ತಿತ್ತು. ಬರುತ್ತಿತ್ತು ಎಂದು ಹೆಸರಿಗೆ ಹೇಳುವುದು ಅಷ್ಟೆ. ತಿಂಗಳ ಮೊದಲ ವಾರ ಓಬಳೇಶ ಬೈಕಿನ ಹಿಂದೆ ಅವ್ವನನ್ನು ಕೂರಿಸಿಕೊಂಡು ಬ್ಯಾಂಕಿಗೆ ಹೋಗುವನು, ಅವಳು ಹೆಬ್ಬೆಟ್ಟು ಒತ್ತುವಳು, ಅವನು ನೋಟು ಜೇಬಿಗಿಡುವನು. ಎಲೆ ಅಡಿಕೆಗೆ ಇಷ್ಟು ಎಂದು ಅವಳ ಕೈಗೆ ಕೊಡುವನು. ಪಾಸ್‌ಬುಕ್ಕು ಟೈರ್ ಅಂಗಡಿಯ ಡ್ರಾಯರಿನಲ್ಲಿ. ಓಬಳೇಶ ಕೆಟ್ಟವನಲ್ಲ, ಕುಡಿಯುವುದಿಲ್ಲ, ಇಸ್ಪೀಟಿಲ್ಲ. ಅವ್ವನ ದುಡ್ಡು ತನ್ನ ದುಡ್ಡು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಅಷ್ಟೆ.

ಶ್ರಾವಣದಲ್ಲಿ ಹೊಸದುರ್ಗದಿಂದ ಫೋನು ಬಂತು. ಜಯಕ್ಕನ ಮಗಳು ಹೇಮಾವತಿಗೆ ಹೆಣ್ಣು ಕೂಸು. ಮಗುವಿನ ಕಾಲಿಗೆ ಬೆಳ್ಳಿ ಗೆಜ್ಜೆ ಮಾಡಿಸಿಕೊಂಡು ಹೋಗಬೇಕೆಂದು ಜಯಕ್ಕ ಮಗನನ್ನು ಕೇಳಿದಳು.

"ಮುಂದಿನ ತಿಂಗಳು ನೋಡಾಣ ಬಿಡವ್ವ. ಅಂಗಡಿಗೆ ಲೋಡ್ ಬರೋದೈತೆ."

"ನಾನು ಕೇಳಿದ್ದು ನನ್ನ ದುಡ್ಡು ಕಣೋ."

"ನಿಂದೂ ನಂದೂ ಅಂತ ಯಾವಾಗಿಂದ ಬೇರೆ ಆಯ್ತು?"

ಮಾರನೆಯ ದಿನ ಜಯಕ್ಕ ಪಕ್ಕದ ಮನೆಯ ರಂಗಕ್ಕನನ್ನು ಕರೆದುಕೊಂಡು ತಾನೇ ಬ್ಯಾಂಕಿಗೆ ನಡೆದಳು. ಅಲ್ಲಿ ಅವಳಿಗೆ ದುಡ್ಡು ಸಿಗಲಿಲ್ಲ. ಪಾಸ್‌ಬುಕ್ ಎಲ್ಲಿ ಅಂದರು, ಹೆಬ್ಬೆಟ್ಟಿನ ಅಕೌಂಟು ಇದು, ಮಗನನ್ನು ಕರೆದುಕೊಂಡು ಬಾ ಅಜ್ಜಿ ಅಂದರು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಮನೆಗೆ ಬಂದವಳು ಆ ದಿನ ಮುದ್ದೆ ಮುರಿಯಲಿಲ್ಲ.

ಸಂಜೆ ಉಷಾರಾಣಿ ಸ್ಕೂಲಿನಿಂದ ಬಂದು ಕೈಕಾಲು ತೊಳೆಯುವಾಗ ಅತ್ತೆ ಹಿತ್ತಲಿಗೆ ಬಂದು ನಿಂತಳು.

"ಉಷಾ, ಒಂದು ಮಾತು ಕೇಳ್ತೀನಿ, ನಗಬ್ಯಾಡ. ಈ ವಯಸ್ಸಿನಾಗೆ ಸಹಿ ಹಾಕೋದು ಕಲಿಯಾಕೆ ಆಗ್ತೈತಾ?"

"ಯಾಕಾಗಲ್ಲ ಅತ್ತೆ? ಮೂರು ಅಕ್ಷರದ ಹೆಸರು ನಿಮ್ಮದು."

"ನವೆಂಬರಾಗೆ ಬದುಕಿದೀನಿ ಅಂತ ತೋರಿಸಾಕೆ ಬ್ಯಾಂಕಿಗೆ ಹೋಗ್ಬೇಕಲ್ಲ. ಅವತ್ತು ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ್ರೆ?"

"ಹಾಕಿದ್ರೆ ಅವತ್ತೇ ಫಾರಂ ಬದಲಾಯಿಸ್ತಾರೆ. ಆಮೇಲೆ ಯಾರ ಹಂಗೂ ಬ್ಯಾಡ. ನೀವೇ ಹೋಗ್ರಿ, ನೀವೇ ತರ್ರಿ."

ಜಯಕ್ಕ ಅಷ್ಟು ಹೊತ್ತು ಸೊಸೆಯ ಮುಖ ನೋಡಿದ್ದು ಮದುವೆಯಾಗಿ ಬಂದಾಗಿನಿಂದ ಅದೇ ಮೊದಲಿರಬೇಕು.

ಮೊದಲ ದಿನ ಬಾಲ್‌ಪೆನ್ನಿನಲ್ಲಿ ಶುರುಮಾಡಿದರು. ರಾಗಿ ಬೀಸಿ, ಮುದ್ದೆ ತಿರುವಿ, ಕಾಲುವೆಯ ನೀರಲ್ಲಿ ಬಟ್ಟೆ ಒಗೆದು ಗಟ್ಟಿಯಾದ ಬೆರಳುಗಳು. ಬಾಲ್‌ಪೆನ್ನನ್ನು ಒತ್ತದಿದ್ದರೆ ಮೂಡುವುದಿಲ್ಲ, ಒತ್ತಿದರೆ ಹಾಳೆ ಹರಿಯುತ್ತದೆ, ಕೀಲು ನೋಯುತ್ತದೆ. ಜಯಕ್ಕ ಪೆನ್ನು ಬಿಸಾಕಿ ಎದ್ದಳು.

ಆಗ ಉಷಾರಾಣಿಗೆ ತನ್ನ ಡಬ್ಬಿ ನೆನಪಾಯಿತು. ಇಂಕ್ ಪೆನ್ನಿಗೆ ಒತ್ತುವ ಕೆಲಸವೇ ಇಲ್ಲ. ತಾನಾಗಿ ಇಳಿಯುತ್ತದೆ, ಕೈ ಸುಮ್ಮನೆ ದಾರಿ ತೋರಿಸಿದರೆ ಸಾಕು. ಭಾನುವಾರ ಮಧ್ಯಾಹ್ನ ಅವರೆಕಾಳು ಸಾರಿನ ಊಟ ಮುಗಿಸಿ, ನಡುಮನೆಯಲ್ಲಿ ಚಾಪೆ ಹಾಕಿ, ಎಲ್ಲ ಪೆನ್ನುಗಳನ್ನೂ ಸಾಲಾಗಿ ಇಟ್ಟಳು. ಸೊಸೆ ಅತ್ತೆಗೆ ಪೆನ್ನು ತೋರಿಸುವ ಶಾಸ್ತ್ರ. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

"ಇದು ಹಿಡೀರಿ."

"ಇದೇನೇ ಕಡ್ಡಿ ಹಂಗೈತೆ, ಬೆರಳಾಗೆ ನಿಲ್ಲಂಗಿಲ್ಲ."

"ಸರಿ, ಇದು?"

"ಹೊಳೀತೈತೆ. ಆದ್ರೆ ಭಾರ ಕಣೆ, ತಲೆ ಕಡೆ ವಾಲ್ತೈತೆ."

"ಇದು ಫೈನ್ ನಿಬ್ಬು."

"ಗೀರ್ತೈತೆ. ಹಲ್ಲಿಗೆ ಮರಳು ಸಿಕ್ಕಿದಂಗಾಗ್ತೈತೆ."

ಉಷಾರಾಣಿ ಬೆರಗಾದಳು. ತನ್ನ ಜೊತೆಯ ಟೀಚರುಗಳಿಗೆ ಎಷ್ಟು ಹೇಳಿದರೂ ಗೊತ್ತಾಗದ ವ್ಯತ್ಯಾಸ ಅತ್ತೆಯ ಬೆರಳಿಗೆ ಒಂದೇ ಸಲಕ್ಕೆ ಗೊತ್ತಾಗುತ್ತಿತ್ತು. ಕೊನೆಗೆ ಅವಳು ಕೊಟ್ಟದ್ದು ಅದೇ ಹೊಸ ಎಬೊನೈಟ್ ಪೆನ್ನು. ಕೊಡುವಾಗ ಅವಳ ಕೈ ಒಂದು ಗಳಿಗೆ ಹಿಂದೆ ಮುಂದೆ ನೋಡಿತು. ಜಯಕ್ಕ ಹಿಡಿದು, ತಿರುಗಿಸಿ, ಮತ್ತೆ ಹಿಡಿದಳು.

"ಇದು ಬೆಚ್ಚಗೈತೆ. ಲಟ್ಟಣಿಗೆ ಹಿಡಿದಂಗೆ ಕೈ ತುಂಬ್ತೈತೆ. ಇದೇ ಇರ್ಲಿ."

"ಇದೇನಾ?" ಅಂದಳು ಉಷಾರಾಣಿ. ಎಂಟು ತಿಂಗಳು ಕಾದದ್ದು ಇದಕ್ಕೇ. "ಆಯ್ತು. ಇದಕ್ಕೆ ದಪ್ಪ ನಿಬ್ಬು ಹಾಕಿಸ್ಕಂಡು ಬರ್ತೀನಿ."

ಮುಂದಿನ ಶನಿವಾರ ಚಿತ್ರದುರ್ಗಕ್ಕೆ ಹೋಗಿ ಗೋವಿಂದಯ್ಯನವರ ಹಳೇ ಅಂಗಡಿಯಲ್ಲಿ ಕೂತು, ಇದ್ದಬದ್ದ ದಪ್ಪ ನಿಬ್ಬುಗಳನ್ನೆಲ್ಲ ಅತ್ತೆ ಹಿಡಿಯುವ ಹಾಗೆ ಪೆನ್ನು ನೆಟ್ಟಗೆ ಹಿಡಿದು ಬರೆದು ನೋಡಿದಳು. "ನಿಮ್ಮ ಬರವಣಿಗೆ ಹಿಂಗಿರಲಿಲ್ಲವಲ್ಲ ಮೇಡಂ," ಅಂದರು ಗೋವಿಂದಯ್ಯ. "ಇದು ನನ್ನ ಕೈ ಅಲ್ಲ ಬಿಡ್ರಿ," ಎಂದು ಅವಳು ನಕ್ಕಳು.

ಆ ವಾರಗಳಲ್ಲಿ ಮನೆಯ ಗಾಳಿಯೇ ಬೇರೆಯಾಯಿತು. ರಾತ್ರಿ ಪಾತ್ರೆ ತೊಳೆದ ಮೇಲೆ ಅತ್ತೆ ಸೊಸೆ ಚಾಪೆಯ ಮೇಲೆ. ಜ ಬಂತು, ಯ ಬಂತು, ಕ್ಕ ಮಾತ್ರ ಕಾಟ ಕೊಟ್ಟಿತು. ಕೆಳಗಿನ ಒತ್ತು ಒಂದು ದಿನ ತೇಲುವುದು, ಒಂದು ದಿನ ಮುಳುಗುವುದು. ಪೆನ್ನಿಗೆ ಡ್ರಾಪರಿನಲ್ಲಿ ಇಂಕು ತುಂಬುವುದು, ಸೋರದಂತೆ ತಿರುಪಿನ ಎಳೆಗಳಿಗೆ ಚೂರು ಗ್ರೀಸ್ ಸವರುವುದು, ಇಂಕು ಬದಲಾಯಿಸುವಾಗ ನೀರಲ್ಲಿ ತೊಳೆಯುವುದು, ಎಲ್ಲವನ್ನೂ ಜಯಕ್ಕ ಪಕ್ಕದಲ್ಲಿ ಕೂತು ನೋಡಿದಳು. ಬೆಳಗ್ಗೆ ರೊಟ್ಟಿಯ ಹೊತ್ತಿಗೆ ಅವಳು ಸೊಸೆಯ ಪಕ್ಷಕ್ಕೆ ಸೇರಿಬಿಟ್ಟಿದ್ದಳು.

"ಪೆನ್ನಿಗೂ ಕೈಗೂ ಕೂಡಿ ಬರಬೇಕು ಕಣೋ," ಅಂದಳು ಮಗನಿಗೆ. "ನಿನಗೇನು ಗೊತ್ತು?"

"ಓಹೋ! ನೀನೂ ಶುರು ಹಚ್ಕಂಡ್ಯಾ? ಸಹಿ ಕಲ್ತು ತಹಸೀಲ್ದಾರ್ ಆಗ್ತೀಯೇನು?"

"ನನ್ನ ದುಡ್ಡು ನಾನು ತಗಳಾಕೆ ತಹಸೀಲ್ದಾರ್ ಆಗ್ಬೇಕಿಲ್ಲ."

ಓಬಳೇಶ ರೊಟ್ಟಿ ಕೆಳಗಿಟ್ಟ. "ಹಂಗಂದ್ರೆ? ನಾನು ನಿನ್ನ ದುಡ್ಡು ತಿಂದೀನಾ?"

"ನಾನೆಲ್ಲಿ ಹಂಗಂದೆ?"

"ಇವಳು ಹೇಳಿಕೊಟ್ಟವಳು. ಅಕ್ಷರದ ಜೊತೆ ಇದನ್ನೂ ಹೇಳಿಕೊಟ್ಟಾಳೆ." ಬೆರಳು ಹೆಂಡತಿಯ ಕಡೆ ತಿರುಗಿತು.

"ನಾನು ಬರೀ ಜಯಕ್ಕ ಅಂತ ಹೇಳಿಕೊಟ್ಟೀನಿ ಕಣ್ರಿ. ಮುಂದಿಂದು ಅವರೇ ಕಲ್ತಾರೆ."

ಜಯಕ್ಕ ಬಿದ್ದು ಬಿದ್ದು ನಕ್ಕಳು. ಮಮತಾ ಕೂಡ ಇಯರ್‌ಫೋನ್ ತೆಗೆದು ನೋಡಿದಳು. ಓಬಳೇಶ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ.

ದಸರಾ ಬಂತು. ರಜೆಯಲ್ಲೂ ಟೀಚರುಗಳನ್ನು ಮನೆಮನೆಯ ಸಮೀಕ್ಷೆಗೆ ಹಾಕಿದ್ದರಿಂದ ಉಷಾರಾಣಿ ಆಯುಧ ಪೂಜೆಯ ಹಿಂದಿನ ದಿನವೂ ಧರ್ಮಪುರದ ಕಡೆ ಹೋಗಿದ್ದಳು. ಓಬಳೇಶ ಅಂಗಡಿಯ ಜಾಕು, ಏರ್ ಕಂಪ್ರೆಸರು ತೊಳೆಸುತ್ತಿದ್ದ.

ಜಯಕ್ಕನಿಗೆ ಮಾರಿಕಣಿವೆಯ ಕ್ವಾರ್ಟರ್ಸಿನ ಆಯುಧ ಪೂಜೆ ನೆನಪಾಯಿತು. ಗಂಡ ಕೆಲಸದ ಸ್ಪ್ಯಾನರು, ಸುತ್ತಿಗೆ, ಎಣ್ಣೆ ಡಬ್ಬಿಗಳನ್ನೆಲ್ಲ ಚೀಲದಲ್ಲಿ ಮನೆಗೆ ತರುತ್ತಿದ್ದ. ಅವಳು ಹಂಡೆಯಲ್ಲಿ ನೀರು ಕಾಯಿಸಿ, ಅಂಟುವಾಳಕಾಯಿ ಹಾಕಿ ಕುದಿಸಿ, ಒಂದೊಂದನ್ನೂ ಅದರಲ್ಲಿ ಬಿಟ್ಟು ಗ್ರೀಸ್ ಬಿಡಿಸುತ್ತಿದ್ದಳು. ಆಮೇಲೆ ಹುಣಸೆಹಣ್ಣು, ತೆಂಗಿನ ನಾರು. ಇಡೀ ಕ್ವಾರ್ಟರ್ಸಿನಲ್ಲಿ ಮೂರ್ತಪ್ಪನ ಸ್ಪ್ಯಾನರಿನಷ್ಟು ಹೊಳೆಯುವ ಸ್ಪ್ಯಾನರು ಇರಲಿಲ್ಲ ಎಂದು ಇಂಜಿನಿಯರೇ ಹೇಳಿದ್ದರಂತೆ. ಈ ಮನೆಯಲ್ಲಿ ಅವಳ ಕೈಗೆ ಬಹಳ ವರ್ಷಗಳಿಂದ ಯಾವ ಆಯುಧವೂ ಬಂದಿರಲಿಲ್ಲ. ಈ ಸಲ ಇತ್ತು. ಸೊಸೆಯದೂ ಇತ್ತು, ತನ್ನದೂ ಇತ್ತು.

ಬೀರುವಿನಿಂದ ಡಬ್ಬಿ ಇಳಿಸಿಕೊಂಡು ಬಂದಳು. ತಿರುಪಿನ ಎಳೆಗಳಲ್ಲಿ ಗ್ರೀಸ್ ಕಂಡಿತು. ಮೊಮ್ಮಗಳು ಸೋಫಾದ ಮೇಲೆ ಮಲಗಿ ಮೊಬೈಲ್ ನೋಡುತ್ತಿದ್ದಳು.

"ಮಮತಾ, ಪೆನ್ನು ಬಿಸಿನೀರಾಗೆ ಹಾಕಬೌದೇನೇ?"

"ಹೂಂ ಅಜ್ಜಿ," ಅಂದಳು ಮಮತಾ ಕಣ್ಣು ತೆಗೆಯದೆ. ಅಜ್ಜಿ ಕೇಳಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

ಜಯಕ್ಕ ಮೊದಲು ಕುದಿಯುವ ನೀರಿಗೆ ಬಿಟ್ಟದ್ದು ತನ್ನ ಪೆನ್ನನ್ನು. ಆಮೇಲೆ ಉಳಿದವನ್ನು. ಹುಣಸೆಹಣ್ಣು ಹಚ್ಚಿ ಒಂದೊಂದು ನಿಬ್ಬನ್ನೂ ನಾರಿನಲ್ಲಿ ತಿಕ್ಕಿದಳು. ಸೊಂಟ ನೋಯುತ್ತಿದ್ದರೂ ಎದ್ದು ಹೋಗಲಿಲ್ಲ. ಬಣ್ಣ ಯಾಕೋ ಇಳಿಯುತ್ತಿದೆ ಅನ್ನಿಸಿತು. ಹಳೇ ಮಸಿ ಬಿಡುತ್ತಿರಬೇಕು ಅಂದುಕೊಂಡು ಇನ್ನೂ ಗಟ್ಟಿಯಾಗಿ ತಿಕ್ಕಿದಳು. ಕೊನೆಗೆ ಕೊಬ್ಬರಿ ಎಣ್ಣೆ ಸವರಿ, ದೇವರ ಮುಂದೆ ಬಾಳೆ ಎಲೆಯ ಮೇಲೆ ಜೋಡಿಸಿ, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ಮೇಲೊಂದೊಂದು ಚೆಂಡುಹೂವು ಇಟ್ಟಳು.

ಉಷಾರಾಣಿ ಧೂಳು ತುಂಬಿಕೊಂಡು ಸಂಜೆ ಬಂದಳು. ಬಾಗಿಲಲ್ಲೇ ಜಯಕ್ಕ ಸಂಭ್ರಮದಿಂದ, "ಬಾ ಇಲ್ಲಿ, ನೋಡು ಬಾ," ಎಂದು ಕೈ ಹಿಡಿದು ದೇವರಮನೆಗೆ ಕರೆದುಕೊಂಡು ಹೋದಳು.

ಬಿಸಿನೀರು ಬಿದ್ದರೆ ಎಬೊನೈಟಿನ ಕಪ್ಪು ಉಳಿಯುವುದಿಲ್ಲ, ಒಣಗಿದ ಸಗಣಿಯ ಬಣ್ಣಕ್ಕೆ ತಿರುಗುತ್ತದೆ. ಕಪ್ಪಗೆ ಮಿಂಚುತ್ತಿದ್ದವೆಲ್ಲ ಹಾಗೆ ತಿರುಗಿದ್ದವು. ಪ್ಲಾಸ್ಟಿಕ್ಕಿನವು ಸೊಟ್ಟಗಾಗಿದ್ದವು. ನಿಬ್ಬುಗಳ ಸೀಳು ಬಾಯಿ ಬಿಟ್ಟುಕೊಂಡಿತ್ತು, ಒಂದರ ತುದಿ ಮುರಿದೇ ಹೋಗಿತ್ತು. ಉಷಾರಾಣಿ ಒಂದೊಂದನ್ನೇ ಎತ್ತಿ ನೋಡಿದಳು. ಹದಿನೈದು ವರ್ಷ ಹುಡುಕಿ, ತೂಗಿ, ತಾಳೆ ನೋಡಿ, ಒಂದನ್ನು ಬಿಟ್ಟು ಒಂದನ್ನು ಆರಿಸಿಕೊಂಡದ್ದು. ಈ ಮನೆಯಲ್ಲಿ ಅವಳದು ಎಂದು ಇದ್ದದ್ದು ಅದೊಂದೇ.

"ಯಾರು ಮುಟ್ಟು ಅಂದ್ರು ನಿಮಗೆ?" ಅಂದಳು. ದನಿ ಅವಳದಾಗಿರಲಿಲ್ಲ.

"ಪೂಜೆಗೆ ಕಣೆ... ಗ್ರೀಸ್ ಇತ್ತು, ಅದಕ್ಕೇ..."

"ಗ್ರೀಸ್! ಇದೇನು ಡ್ಯಾಮಿನ ಸ್ಪ್ಯಾನರಾ? ನಾಕು ದಿನ ಅಕ್ಷರ ತಿದ್ದಿದ್ರೆ ಪೆನ್ನಿನ ಬೆಲೆ ಗೊತ್ತಾಗಿಬಿಡ್ತೈತಾ? ಹೆಬ್ಬೆಟ್ಟೊತ್ತೋರಿಗೆ ಪೆನ್ನು ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ. ಎಷ್ಟು ಕಲಿಸಿದ್ರೂ ಹೆಬ್ಬೆಟ್ಟು ಹೆಬ್ಬೆಟ್ಟೇ!"

ಮಾತು ಬಾಯಿ ದಾಟಿದ ಮೇಲೆ ಅವಳಿಗೇ ಕೇಳಿಸಿತು. ಅರಿಶಿನದ ಬಟ್ಟಲು ಹಿಡಿದಿದ್ದ ಜಯಕ್ಕ ಅದನ್ನು ದೇವರ ಮುಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಿತ್ತಲಿಗೆ ಹೋಗಿ ಹಂಡೆ ಬೋರಲು ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಮಮತಾ, ಅಜ್ಜಿ ಕೇಳಿದ್ದಕ್ಕೆ ಹೂಂ ಅಂದವಳು ತಾನೇ ಎಂದು ಅಮ್ಮನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಮಾರನೆಯ ದಿನ ಹೋಳಿಗೆ ಮಾಡಿದ್ದರು. ಜಯಕ್ಕ ಮುದ್ದೆ ಸಾರು ಉಂಡು ಎದ್ದಳು.

"ಹೋಳಿಗೆ ತಿನ್ನಲ್ವಾ ಅತ್ತೆ?"

"ಬ್ಯಾಡ ಟೀಚರಮ್ಮ."

ಅವತ್ತಿನಿಂದ ಉಷಾ ಹೋಯಿತು, ಟೀಚರಮ್ಮ ಬಂದಿತು. ಜೋರಾಗಿ ಅಲ್ಲ, ಮುಖ ತಿರುಗಿಸಿ ಅಲ್ಲ. ಸ್ಕೂಲಿನ ಆಯಾ ಕರೆಯುವಷ್ಟು ಮರ್ಯಾದೆಯಿಂದ. "ಟೀಚರಮ್ಮ, ಹಾಲು ಉಕ್ತೈತೆ." "ಟೀಚರಮ್ಮ, ನಿಮ್ಮ ಸೀರೆ ಒಣಗೈತೆ." ಬೈದಿದ್ದರೆ ಉಷಾರಾಣಿಗೆ ಎಷ್ಟೋ ಹಗುರವಾಗುತ್ತಿತ್ತು.

ಓಬಳೇಶನಿಗೆ ಮಾತ್ರ ಹಬ್ಬವೇ ಹಬ್ಬ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ಅವ್ವನ ಮುಂದೆ ಬಿಚ್ಚುವನು. "ತಿನ್ನವ್ವ, ಬಿಸಿ ಐತೆ. ಓದಿದೋರು ಅಂದ್ರೆ ಇಷ್ಟೇ ಕಣವ್ವ. ಹೆತ್ತ ಮಗನೇ ಕೊನೆಗೆ ಆಗೋದು." ಹೆಂಡತಿಗೆ ಕೇಳುವಂತೆ ಅಡುಗೆಮನೆಯ ಕಡೆ ತಿರುಗಿ, "ನಮ್ಮವ್ವನಿಗೆ ಹೆಬ್ಬೆಟ್ಟು ಅಂದ್ಬಿಟ್ಟಳಲ್ಲ!" ಎನ್ನುವನು. ಮಾತನ್ನು ಅಂದವಳು ಒಂದು ಸಲ ಅಂದಿದ್ದಳು. ಅದನ್ನು ಆ ಮನೆಯಲ್ಲಿ ದಿನಾ ಅಂದವನು ಅವನು. ಜಯಕ್ಕ ಮಂಡಕ್ಕಿ ತಿನ್ನುತ್ತ ಕೇಳಿಸಿಕೊಳ್ಳುತ್ತಿದ್ದಳು.

ವಾರ ಕಳೆದ ಮೇಲೆ ಉಷಾರಾಣಿ ಅತ್ತೆಯ ಹಾಸಿಗೆಯ ಹತ್ತಿರ ಹೋಗಿ ಕೂತಳು.

"ಅತ್ತೆ, ತಪ್ಪಾಯ್ತು. ಸಿಟ್ಟಿನಾಗೆ ಬಾಯಿಗೆ ಬಂದಿದ್ದು ಅಂದೆ."

"ಬಾಯಿಗೆ ಬಂದಿದ್ದಲ್ಲ ಅದು. ಒಳಗಿದ್ದಿದ್ದು."

"ಹಂಗಲ್ಲ ಅತ್ತೆ..."

"ಇರ್ಲಿ ಬಿಡ್ರಿ. ಪೆನ್ನು ಹಾಳು ಮಾಡಿದೀನಿ, ನೀವು ಅಂದ್ರಿ. ಸರಿಗೆ ಸರಿ ಆತು."

"ಸಹಿ ಮುಂದುವರಿಸಾಣ ಅತ್ತೆ. ನವೆಂಬರ್ ಹತ್ರ ಬಂತು. ಕ್ಕ ಒಂದು ಸರಿಯಾಗ್ಬೇಕು ಅಷ್ಟೆ."

"ಕಣ್ಣು ಕಾಣಂಗಿಲ್ಲ," ಅಂದು ಜಯಕ್ಕ ಮಗ್ಗುಲು ಬದಲಿಸಿದಳು.

ಉಷಾರಾಣಿ ಸುಮ್ಮನಿರಲಿಲ್ಲ. ಮತ್ತೆ ಚಿತ್ರದುರ್ಗಕ್ಕೆ ಹೋದಳು. ತನ್ನ ಪೆನ್ನುಗಳು ಹೋದದ್ದಕ್ಕೆ ಒಂದನ್ನೂ ಕೊಳ್ಳಲಿಲ್ಲ. ಅತ್ತೆಗೆಂದು ಅದೇ ದಪ್ಪದ, ಅದೇ ಅಗಲ ನಿಬ್ಬಿನ ಎಬೊನೈಟ್ ಪೆನ್ನು ಹುಡುಕಿ, ಬರೆದು ನೋಡಿ, ಸಮಾಧಾನವಾಗದೆ ಬೇರೆ ನಿಬ್ಬು ಹಾಕಿಸಿ ತಂದಳು. ಅತ್ತೆಯ ಎಲೆ ಅಡಿಕೆ ಚೀಲದ ಪಕ್ಕ ಇಟ್ಟಳು. ಜಯಕ್ಕ ಚೀಲ ಎತ್ತಿಕೊಂಡಳು, ಪೆನ್ನು ಎತ್ತಿಕೊಳ್ಳಲಿಲ್ಲ. ಕಸ ಹೊಡೆಯುವಾಗ ಅದನ್ನು ಎತ್ತಿ, ನೆಲ ಗುಡಿಸಿ, ಮತ್ತೆ ಅಲ್ಲಿಯೇ ಇಡುವಳು.

"ಬಿಟ್ಬಿಡೇ ಅದನ್ನ," ಅಂದ ಓಬಳೇಶ. "ಅವ್ವ ಇನ್ನು ಪೆನ್ನು ಮುಟ್ಟಂಗಿಲ್ಲ. ಯಾವಾಗಿನಂಗೆ ನಾನೇ ಕರ್ಕಂಡು ಹೋಗ್ತೀನಿ."

"ನಾನೂ ಬರ್ತೀನಿ ಬ್ಯಾಂಕಿಗೆ," ಅಂದಳು ಉಷಾರಾಣಿ.

"ಬಾ. ಹೆಬ್ಬೆಟ್ಟು ಒತ್ತೋದು ನೋಡಾಕೆ ರಜ ಹಾಕ್ಕಂಡು ಬಾ."

ನವೆಂಬರಿನ ಆ ಸೋಮವಾರ ಅವಳು ರಜೆ ಹಾಕಿಯೇ ಹೋದಳು. ಹೊಸ ಪೆನ್ನಿಗೆ ಇಂಕು ತುಂಬಿಕೊಂಡು, ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡಿದ್ದಳು. ಹೋದ ವರ್ಷದಂತೆಯೇ ಬ್ಯಾಂಕಿನ ತುಂಬ ಪಿಂಚಣಿಯವರು, ಬದುಕಿದ್ದೇವೆಂದು ತೋರಿಸಲು ಬಂದವರು. ಓಬಳೇಶ ಪಾಸ್‌ಬುಕ್ ಕೈಯಲ್ಲಿ ಹಿಡಿದು ಮುಂದೆ ನಿಂತ. ಕೌಂಟರಿನ ಆಚೆ ಕೂತಿದ್ದವಳು ಹೊಸದಾಗಿ ಬಂದ ಆಫೀಸರು, ಹರೆಯದ ಹೆಣ್ಣುಮಗಳು. ಹೆಸರು ಕೇಳಿ, ಕಂಪ್ಯೂಟರ್ ನೋಡಿ, ಸ್ಟ್ಯಾಂಪ್ ಪ್ಯಾಡನ್ನು ಮುಂದಕ್ಕೆ ತಳ್ಳಿದಳು.

"ಒತ್ತವ್ವ," ಅಂದ ಓಬಳೇಶ.

ಉಷಾರಾಣಿಗೆ ತಡೆಯಲಾಗಲಿಲ್ಲ. ಪೆನ್ನಿನ ಕ್ಯಾಪ್ ತೆಗೆದು ಅತ್ತೆಯ ಕೈಯ ಹತ್ತಿರ ಹಿಡಿದಳು. "ಅತ್ತೆ, ಒಂದು ಸಲ. ತಪ್ಪಾದ್ರೂ ಪರವಾಗಿಲ್ಲ, ಹಾಕ್ರಿ."

ಜಯಕ್ಕ ಆ ಪೆನ್ನಿನ ಕಡೆ ನೋಡಲೂ ಇಲ್ಲ. ಸ್ಟ್ಯಾಂಪ್ ಪ್ಯಾಡನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದಳು. ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿ ಒಂದು ಬಾಲ್‌ಪೆನ್ನು ತೆಗೆದಳು. ಪೆಟ್ಟಿಗೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದು, ಹಿಡಿಯುವ ಜಾಗದಲ್ಲಿ ಬಟ್ಟೆಯ ಚಿಂದಿ ಸುತ್ತಿ ದಪ್ಪ ಮಾಡಿಕೊಂಡಿದ್ದಳು.

"ಸಹಿ ಹಾಕ್ತೀನಿ ಮೇಡಂ. ಎಲ್ಲಿ ಹಾಕ್ಲಿ ಹೇಳ್ರಿ."

ಓಬಳೇಶ "ಅವ್ವಾ" ಅಂದ. ಅವಳು ಬಗ್ಗಿ ಬರೆಯತೊಡಗಿದಳು. ಕೀಲು ಬಿಳುಪಾಗುವಷ್ಟು ಒತ್ತಿ ಬರೆಯುತ್ತಿದ್ದಳು. ನೋಯುತ್ತಿರಬೇಕು, ತುಟಿ ಕಚ್ಚಿಕೊಂಡಿದ್ದಳು. ಜ. ಯ. ಕ್ಕ. ಒತ್ತು ತೇಲಲಿಲ್ಲ, ಮುಳುಗಲೂ ಇಲ್ಲ. ಸೊಸೆ ಸ್ಕೂಲಿಗೆ, ಮಗ ಅಂಗಡಿಗೆ ಹೋದ ಮೇಲೆ ಎಷ್ಟು ಹಗಲು ಒಬ್ಬಳೇ ಕೂತು ತಿದ್ದಿದ್ದಳೋ, ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಫೀಸರು ಇನ್ನೊಂದು ಫಾರಂ ಕೊಟ್ಟು ಮತ್ತೆ ಹಾಕಿಸಿದಳು, ಮತ್ತೆ ಹಾಗೆಯೇ ಬಂತು. ಅವಳ ಮುಖ ಅರಳಿತು.

"ಎಷ್ಟು ಚೆಂದ ಬರೆದಿದ್ದೀರಿ ಅಜ್ಜಿ! ಇನ್ನು ಮೇಲೆ ನೀವೊಬ್ಬರೇ ಬಂದರೆ ಸಾಕು. ಯಾರು ಕಲಿಸಿದರು?"

ಉಷಾರಾಣಿ ಅತ್ತೆಯ ಕಡೆ ನೋಡಿದಳು.

"ಇವರೇ," ಅಂದಳು ಜಯಕ್ಕ, ಸೊಸೆಯ ಕಡೆ ಕೈ ತೋರಿಸಿ. "ನನ್ನ ಸೊಸೆ. ಐಮಂಗಲದಾಗೆ ಟೀಚರು."

"ಪುಣ್ಯ ಮಾಡಿದ್ದೀರಿ ಅಜ್ಜಿ, ಇಂಥ ಸೊಸೆ ಎಲ್ಲರಿಗೂ ಸಿಗುತ್ತಾರಾ?"

"ಹೂಂ ಮತ್ತೆ. ಮೊದಲು ಪ್ರೀತಿಯಿಂದ ಕಲಿಸಿದ್ರು, ಅವಾಗ ಬರ್ಲಿಲ್ಲ. ಹಬ್ಬದಾಗೆ ದೇವರ ಮುಂದೆ, ಹೆಬ್ಬೆಟ್ಟು ಹೆಬ್ಬೆಟ್ಟೇ ಅಂದ್ರು ನೋಡ್ರಿ. ಅವತ್ತು ಬಂತು."

ಆಫೀಸರಿನ ನಗು ಅರ್ಧಕ್ಕೆ ನಿಂತಿತು. ಸಾಲಿನಲ್ಲಿದ್ದವರು ಉಷಾರಾಣಿಯನ್ನು ನೋಡಿದರು. ಅವಳು ಕ್ಯಾಪ್ ತೆಗೆದ ಪೆನ್ನನ್ನು ಹಿಡಿದೇ ನಿಂತಿದ್ದಳು. ಬೆರಳಿಗೆ ಇಂಕು ಹತ್ತಿತ್ತು.

ಜಯಕ್ಕ ಮಗನ ಕೈಯಲ್ಲಿದ್ದ ಪಾಸ್‌ಬುಕ್ಕಿಗೆ ಕೈ ಹಾಕಿದಳು. ಅವನು ಬಿಡಲಿಲ್ಲ, ಅವಳು ಒಂದು ಸಲ ಅವನ ಮುಖ ನೋಡಿದಳು, ಬಿಟ್ಟ. ದುಡ್ಡು ತೆಗೆದುಕೊಂಡು, ಪಾಸ್‌ಬುಕ್ಕನ್ನೂ ಬಾಲ್‌ಪೆನ್ನನ್ನೂ ಚೀಲಕ್ಕೆ ಹಾಕಿ, ಸೆರಗು ಹೊದ್ದು ಬಾಗಿಲಿನ ತನಕ ಹೋದಳು. ಅಲ್ಲಿ ನಿಂತಿದ್ದ ಬ್ಯಾಂಕಿನ ಗಾರ್ಡನ್ನು, "ಯಪ್ಪಾ, ಹೊಸದುರ್ಗದ ಬಸ್ಸು ಎಷ್ಟೊತ್ತಿಗೈತೆ?" ಎಂದು ಕೇಳಿದಳು.

"ಅವ್ವಾ, ಹೊಸದುರ್ಗಕ್ಕಾ? ಹೇಮಾವತಿ ಮನೆಗಾ? ಈಗಲೇನಾ? ಯಾವಾಗ ಬರ್ತೀಯ?" ಎಂದು ಓಬಳೇಶ ಹಿಂದೆ ಓಡಿದ.

"ಬರ್ತೀನಿ ಬಿಡೋ. ಮುಂದಿನ ನವೆಂಬರಿಗೆ, ಬದುಕಿದ್ರೆ," ಅಂದು ಜಯಕ್ಕ ಮೆಟ್ಟಿಲು ಇಳಿದಳು.